ಮೂಲೆಯಿಂದ ಮೂಲೆಗೆ

ಬೆಂಗಳೂರಿನಲ್ಲಿ 30×40 ಸೈಟನ್ನು ಯಾವ ಬ್ರೋಕರೂ "ಐವತ್ತು ಅಡಿ ಸೈಟು ಸಾರ್" ಅಂತ ಮಾರುವುದಿಲ್ಲ. ಮಾರಿದರೆ ಅದು ಸುಳ್ಳೇನಲ್ಲ, ಮೂಲೆಯಿಂದ ಮೂಲೆಗೆ ಟೇಪು ಹಿಡಿದರೆ ಸರಿಯಾಗಿ 50 ಅಡಿಯೇ ಬರುತ್ತದೆ. ಆದರೆ ಕೊಳ್ಳಲು ಬಂದವನು ಆ ಟೇಪನ್ನೇ ಕಿತ್ತುಕೊಂಡು ಬ್ರೋಕರನ್ನು ಅಟ್ಟಿಸಿಕೊಂಡು ಹೋಗುತ್ತಾನೆ. ಅದೇ ಮನುಷ್ಯ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಯಲ್ಲಿ "15.6 ಇಂಚಿನ ಲ್ಯಾಪ್‌ಟಾಪು ಸಾರ್, ಎಡಿಟಿಂಗಿಗೆ ಧಾರಾಳ" ಅನ್ನಿಸಿಕೊಂಡು, ತಲೆಯಾಡಿಸಿ ದುಡ್ಡು ಎಣಿಸುತ್ತಾನೆ. ಆ ಇಂಚೂ ಪರದೆಯ ಮೂಲೆಯಿಂದ ಮೂಲೆಗೆ ಅಳೆದದ್ದೇ. ಮನೆಗೆ ತಂದು, ವಿಡಿಯೋ ಎಡಿಟ್ ಮಾಡುವ ಪ್ರೀಮಿಯರ್ ತೆರೆದ ಮೇಲೆ ಅರ್ಥವಾಗುತ್ತದೆ: ಅಗಲವೇನೋ ಇದೆ, ಎತ್ತರವಿಲ್ಲ.

ಲೆಕ್ಕ ಹೀಗೆ. 15.6 ಇಂಚಿನ 16:9 (ಅಗಲ 16 ಪಾಲಾದರೆ ಎತ್ತರ 9) ಪರದೆ 34.5 ಸೆಂ.ಮೀ. ಅಗಲ, 19.4 ಸೆಂ.ಮೀ. ಎತ್ತರ. 16 ಇಂಚಿನ 16:10 ಪರದೆಯ ಅಗಲವೂ ಹೆಚ್ಚುಕಡಿಮೆ ಅಷ್ಟೇ, ಎತ್ತರ ಮಾತ್ರ 21.5. ಅರ್ಧ ಇಂಚೂ ಇಲ್ಲದ ವ್ಯತ್ಯಾಸ ಅಂತ ಕಾಣುವುದು ನಿಜದಲ್ಲಿ ಎರಡು ಸೆಂಟಿಮೀಟರು ಎತ್ತರ. ಇನ್ನೊಂದು ತಮಾಷೆ ಎಂದರೆ, 17.3 ಇಂಚಿನ 16:9 ದೈತ್ಯನ ಎತ್ತರವೂ ಅದೇ 21.5. ಬೆನ್ನು ಮುರಿಯುವ ಯಂತ್ರ ಹೊತ್ತು ತಿರುಗಿದವರಿಗೆ ಸಿಕ್ಕಿದ್ದು ಪಕ್ಕಕ್ಕೆ ನಾಲ್ಕು ಸೆಂ.ಮೀ. ಅಷ್ಟೇ.

ಎಡಿಟಿಂಗಿನ ಜೀವ ಇರುವುದು ಎತ್ತರದಲ್ಲಿ. ಮೇಲೆ ಮೆನು, ಅದರ ಕೆಳಗೆ ಪ್ಯಾನೆಲ್‌ಗಳ ಟ್ಯಾಬುಗಳು, ತಳದಲ್ಲಿ ಟಾಸ್ಕ್‌ಬಾರ್. ಇವೆಲ್ಲ ತಮ್ಮ ಪಾಲು ಹಿಡಿದ ಮೇಲೆ ಉಳಿದದ್ದನ್ನು ಪ್ರಿವ್ಯೂ ಮತ್ತು ಟೈಮ್‌ಲೈನ್ ಅರ್ಧರ್ಧ ಹಂಚಿಕೊಳ್ಳಬೇಕು. ಟೈಮ್‌ಲೈನ್ ಎಂದರೆ ಚಿತ್ರ, ಧ್ವನಿಗಳ ಪಟ್ಟಿಗಳನ್ನು (ಟ್ರ್ಯಾಕುಗಳನ್ನು) ಒಂದರ ಕೆಳಗೊಂದು ಜೋಡಿಸುವ ಜಾಗ. 15.6ರಲ್ಲಿ ಒಬ್ಬೊಬ್ಬರಿಗೆ ಸುಮಾರು 8 ಸೆಂ.ಮೀ. ಅದರಲ್ಲಿ ಒಂದು ಮದುವೆ ಕೂರಿಸಿ ನೋಡಿ: ಮೂರು ಕ್ಯಾಮೆರಾ, ಪುರೋಹಿತರ ಕಾಲರ್ ಮೈಕು, ಓಲಗದ ರೆಕಾರ್ಡಿಂಗು, ಮೇಲೊಂದು ಸಿನಿಮಾ ಹಾಡು. ಟ್ರ್ಯಾಕುಗಳು ತೆಳ್ಳಗಾಗುತ್ತ ಹೋಗುತ್ತವೆ, ಕೊನೆಯ ಎರಡು ಕಣ್ಣಿಗೇ ಬೀಳದೆ ಕೆಳಗೆ ಅಡಗುತ್ತವೆ. ಅಡಗಿದ್ದರಲ್ಲಿ ಒಂದಕ್ಕೆ ಸಿಂಕ್ ಲಾಕ್ (ಟ್ರ್ಯಾಕುಗಳು ಒಟ್ಟಿಗೇ ಸರಿಯುವಂತೆ ಹಿಡಿದಿಡುವ ಬೀಗ) ತೆಗೆದಿಟ್ಟಿದ್ದರೆ ಮುಗಿಯಿತು. ಮೇಲೆ ಎಲ್ಲೋ ಅರ್ಧ ನಿಮಿಷ ರಿಪಲ್ ಡಿಲೀಟ್ (ತುಂಡು ತೆಗೆದು ಖಾಲಿ ಜಾಗವನ್ನೂ ಮುಚ್ಚುವುದು) ಮಾಡುತ್ತೀರಿ, ಚಿತ್ರ ಹಿಂದಕ್ಕೆ ಸರಿಯುತ್ತದೆ, ಓಲಗ ಇದ್ದಲ್ಲೇ ಕೂತಿರುತ್ತದೆ. ತಾಳಿ ಕಟ್ಟಿ, ಅಕ್ಷತೆ ಬಿದ್ದು, ಗಂಡು ಬೆವರು ಒರೆಸಿಕೊಂಡ ಮೇಲೆ ಗಟ್ಟಿಮೇಳ ಮೊಳಗುತ್ತದೆ. ಹೆಣ್ಣಿನ ಕಡೆಯವರು ಇದನ್ನು ಟೈಮ್‌ಲೈನಿನ ತೊಂದರೆ ಅಂತ ಒಪ್ಪುವುದಿಲ್ಲ.

ಇದ್ದ ಪರದೆಯಲ್ಲೇ ದಿನ ದೂಡುವವರಿಗೆ ಒಂದು ಉಪಾಯವಿದೆ. ಪ್ರೀಮಿಯರ್‌ನಲ್ಲಿ ಎಸ್ಕೇಪ್ ಕೀಲಿಯ ಕೆಳಗೆ ಕೆಲಸವಿಲ್ಲದೆ ಕೂತಿರುವ ಆ ಓರೆ ಗೆರೆಯ ಕೀಲಿ ಒತ್ತಿದರೆ, ಮೌಸ್ ಯಾವ ಪ್ಯಾನೆಲ್ ಮೇಲಿದೆಯೋ ಅದು ಪೂರ್ತಿ ಹರಡಿಕೊಳ್ಳುತ್ತದೆ. ಮತ್ತೊಮ್ಮೆ ಒತ್ತಿದರೆ ಮೊದಲಿನಂತೆ. ಫೋಟೋಶಾಪ್‌ನಲ್ಲಿ ಟ್ಯಾಬ್ ಒತ್ತಿದರೆ ಪ್ಯಾನೆಲ್‌ಗಳೆಲ್ಲ ಮಾಯ. ಮಾಯವಾದದ್ದನ್ನು ಕಂಡು ಗಾಬರಿಯಾಗಿ ಸಾಫ್ಟ್‌ವೇರನ್ನೇ ಮರಳಿ ಇನ್‌ಸ್ಟಾಲ್ ಮಾಡುವವರೂ ಇದ್ದಾರೆ. ಇನ್ನೊಮ್ಮೆ ಟ್ಯಾಬ್ ಒತ್ತಿದ್ದರೆ ಸಾಕಿತ್ತು.

ರೀಲ್ಸ್ ಮಾಡುವವರ ಪಾಡು ಇನ್ನೂ ಸೊಗಸು. 8 ಸೆಂ.ಮೀ. ಎತ್ತರದ ಪ್ರಿವ್ಯೂನಲ್ಲಿ 9:16ರ ನಿಂತ ವಿಡಿಯೋ ನಾಲ್ಕೂವರೆ ಸೆಂ.ಮೀ. ಅಗಲಕ್ಕೆ ಬರುತ್ತದೆ. ನೋಡುವವರ 6.7 ಇಂಚಿನ ಫೋನಿನಲ್ಲಿ ಅದೇ ವಿಡಿಯೋ 7 ಸೆಂ.ಮೀ. ಅಂದರೆ ಲಕ್ಷ ಕೊಟ್ಟು ತಂದ ಲ್ಯಾಪ್‌ಟಾಪಿನಲ್ಲಿ ಫೋನಿಗಿಂತ ಚಿಕ್ಕದಾಗಿ ನೋಡಿಕೊಂಡು ಕೆಲಸ. ಅಕ್ಷರ ಸಣ್ಣದಾಯಿತೆಂದು ಎಡಿಟರ್ ಹಿಗ್ಗಿಸುತ್ತ ಹೋಗುತ್ತಾನೆ, ಫೋನಿನಲ್ಲಿ ತೆರೆದಾಗ "ಮನೆಯಲ್ಲೇ ಮಾಡಿ ಬಿಸಿಬೇಳೆಬಾತ್" ಎನ್ನುವ ಸಾಲು ಅಡುಗೆ ಮಾಡುವವರ ಮುಖ, ಪಾತ್ರೆ, ಒಲೆ ಎಲ್ಲವನ್ನೂ ಮುಚ್ಚಿರುತ್ತದೆ. ನಿಂತ ವಿಡಿಯೋವೇ ಕಸುಬಾದರೆ ವರ್ಕ್‌ಸ್ಪೇಸನ್ನು (ಪ್ಯಾನೆಲ್‌ಗಳ ಜೋಡಣೆಯನ್ನು) ಬದಲಿಸಿ, ಪ್ರಿವ್ಯೂವನ್ನು ಪರದೆಯ ಬಲಕ್ಕೆ ಮೇಲಿಂದ ಕೆಳಗಿನವರೆಗೆ ನಿಲ್ಲಿಸಿ. 16 ಇಂಚಿನ ಪರದೆಯಲ್ಲಿ ಆಗ ಫೋನಿಗಿಂತ ದೊಡ್ಡ ಚಿತ್ರವೇ ಸಿಗುತ್ತದೆ.

"ಹಾಗಿದ್ದರೆ ಫೋರ್‌ಕೆ ಪರದೆ ತಗೊಂಡುಬಿಡೋಣ" ಅನ್ನುವವರಿಗೆ ಕಾದಿರುವುದು ಬೇರೆಯೇ ಪೆಟ್ಟು. 15.6 ಇಂಚಿನ 3840×2160 ಪಿಕ್ಸೆಲ್ ಪರದೆಗೆ ವಿಂಡೋಸ್ ತಾನಾಗಿ 250% ಸ್ಕೇಲ್ ಹಾಕುತ್ತದೆ, ಅಂದರೆ ಅಕ್ಷರ, ಬಟನ್ನು ಎಲ್ಲವನ್ನೂ ಎರಡೂವರೆ ಪಟ್ಟು ಹಿಗ್ಗಿಸುತ್ತದೆ, ಇಲ್ಲದಿದ್ದರೆ ಅಕ್ಷರ ಇರುವೆಸಾಲು. ಭಾಗಿಸಿದರೆ ಸಿಗುವ ಜಾಗ 1536×864. ಪಕ್ಕದ ಮನೆಯವರ ಸಾಧಾರಣ 1920×1080 ಪರದೆಯನ್ನು 125%ಕ್ಕೆ ಇಟ್ಟರೆ? 1536×864. ಅಕ್ಷರ ಚೂಪಾಗಿ ಕಾಣುವುದು ನಿಜ, ಆದರೆ ಒಂದು ಟ್ರ್ಯಾಕೂ ಹೆಚ್ಚು ಹಿಡಿಯುವುದಿಲ್ಲ, ಬ್ಯಾಟರಿ ಮಾತ್ರ ಬೇಗ ಮುಗಿಯುತ್ತದೆ. 16 ಇಂಚಿನ 2560×1600 ಪರದೆಯನ್ನು 150%ರಲ್ಲಿ ಇಟ್ಟರೆ 1707×1067 ಸಿಗುತ್ತದೆ. ನನ್ನ ಲೆಕ್ಕದಲ್ಲಿ ಹದವಾದ ಜಾಗ ಇದೇ. ಮ್ಯಾಕ್‌ಬುಕ್ ಪ್ರೋನಲ್ಲೂ ಇದೇ ಕಥೆ. 14 ಇಂಚಿನದು ಬಂದ ಹಾಗೆಯೇ 1512×982 ಜಾಗ ಕೊಡುತ್ತದೆ, 16 ಇಂಚಿನದು 1728×1117. ಚಿಕ್ಕದನ್ನು "ಮೋರ್ ಸ್ಪೇಸ್"ಗೆ ತಿರುಗಿಸಿದರೆ 1800×1169, ದೊಡ್ಡಣ್ಣನನ್ನೂ ಮೀರಿಸುತ್ತದೆ. ನಲವತ್ತು ದಾಟಿದ ಕಣ್ಣು ಇದಕ್ಕೆ ಒಪ್ಪಬೇಕು, ಅಷ್ಟೇ.

ಡಿಸೈನಿನವರಿಗೆ ಇಂಚಿನ ಜೊತೆ ಇನ್ನೆರಡು ಹೊಂಡಗಳಿವೆ. ಒಂದು ಬಣ್ಣ. ಎನ್‌ಟಿಎಸ್‌ಸಿ, ಎಸ್‌ಆರ್‌ಜಿಬಿ ಎಂಬವು ಪರದೆ ಎಷ್ಟು ಬಣ್ಣ ತೋರಿಸಬಲ್ಲದು ಎಂದು ಅಳೆಯುವ ಮಾನದಂಡಗಳು. ಅಗ್ಗದ ಪರದೆಯ ವಿವರದಲ್ಲಿ "45% ಎನ್‌ಟಿಎಸ್‌ಸಿ" ಅಂತ ಇದ್ದರೆ ಅದು ಎಸ್‌ಆರ್‌ಜಿಬಿಯ ಮೂರರಲ್ಲಿ ಎರಡು ಪಾಲನ್ನೂ ಸರಿಯಾಗಿ ತೋರಿಸುವುದಿಲ್ಲ. ರೇಷ್ಮೆ ಸೀರೆಯ ಕೆಂಪು ಅಲ್ಲಿ ಇಟ್ಟಿಗೆ ಬಣ್ಣವಾಗಿ ಕಾಣುತ್ತದೆ. ಪಾಪ, ಡಿಸೈನರ್ ಸ್ಯಾಚುರೇಷನ್ (ಬಣ್ಣದ ಗಾಢತೆ) ಏರಿಸುತ್ತಾನೆ. ಗಿರಾಕಿಯ ಓಲೆಡ್ ಫೋನಿನಲ್ಲಿ ವಧು ಉರಿಯುತ್ತಿರುತ್ತಾಳೆ. "100% ಎಸ್‌ಆರ್‌ಜಿಬಿ" ಅಥವಾ "72% ಎನ್‌ಟಿಎಸ್‌ಸಿ" ಎಂದು ಬರೆದಿರುವುದನ್ನು ಹುಡುಕಿ. ಹದಿನಾರು ಇಂಚಿನ ಸೋತ ಬಣ್ಣಕ್ಕಿಂತ ಹದಿನಾಲ್ಕರ ನೆಟ್ಟಗಿನ ಬಣ್ಣ ವಾಸಿ.

ಇನ್ನೊಂದು, ಅಳತೆ. ಫೋಟೋಶಾಪ್‌ನಲ್ಲಿ "ಪ್ರಿಂಟ್ ಸೈಜ್" ಒತ್ತಿದರೆ ಕಾರ್ಡು ನಿಜವಾದ ಗಾತ್ರದಲ್ಲಿ ಕಾಣಬೇಕು. ಆದರೆ ಅದು ಪ್ರಿಫರೆನ್ಸಸ್‌ನ ಯೂನಿಟ್ಸ್ ಆ್ಯಂಡ್ ರೂಲರ್ಸ್‌ನಲ್ಲಿ ಬರೆದ ಸ್ಕ್ರೀನ್ ರೆಸಲ್ಯೂಷನ್ ನಂಬಿಕೊಂಡಿರುತ್ತದೆ, ಅಲ್ಲಿ 72 ಅಂತ ಇರುತ್ತದೆ. 15.6ರ ಫುಲ್ ಎಚ್‌ಡಿ ಪರದೆಯಲ್ಲಿ ಇಂಚಿಗೆ 141 ಪಿಕ್ಸೆಲ್. ಹಾಗಾಗಿ 5×7 ಇಂಚಿನ ಲಗ್ನಪತ್ರಿಕೆ ಎರಡೂವರೆ ಇಂಚಿಗೆ ಮುದುಡಿ ಕಾಣುತ್ತದೆ, ಅಕ್ಷರ ಸಾಲದೆಂದು ಹಿಗ್ಗಿಸಿ ಚಿಕ್ಕಪೇಟೆಯ ಪ್ರೆಸ್ಸಿಗೆ ಕೊಟ್ಟರೆ ಸೋದರಮಾವನ ಹೆಸರು ದೇವರ ಹೆಸರಿಗಿಂತ ದೊಡ್ಡದಾಗಿ ಬರುತ್ತದೆ. ಸೋದರಮಾವನಿಗೆ ಸಂತೋಷವೇ, ಉಳಿದವರಿಗಲ್ಲ. ಅಲ್ಲಿ 141 ಬರೆಯಿರಿ, 16 ಇಂಚಿನ 2560×1600ಕ್ಕಾದರೆ 189. ಬರೆದು ಪರದೆಯ ಮೇಲೆ ನಿಜವಾದ ಸ್ಕೇಲು ಇಟ್ಟು ನೋಡಿ. ಕನ್ನಡಕ್ಕೆ ಇದು ಇನ್ನೂ ಮುಖ್ಯ. ಜೂಮ್ ಕಡಿಮೆಯಿರುವಾಗ ಧಕಾರದ ಬುಡದ ಸೀಳು ಕಾಣುವುದಿಲ್ಲ, "ವದು" ಅಚ್ಚಾಗಿ ಹಂಚಿಯೂ ಆಗಿರುತ್ತದೆ.

ಕೂತಲ್ಲೇ ಕೆಲಸವಾದರೆ ನಾನು ಹೇಳುವುದು 14 ಇಂಚಿನ ಲ್ಯಾಪ್‌ಟಾಪು, ಜೊತೆಗೆ 27 ಇಂಚಿನ 2560×1440 ಮಾನಿಟರು. ಟೈಮ್‌ಲೈನು ದೊಡ್ಡದರಲ್ಲಿ, ಬಿನ್ನು (ಕ್ಲಿಪ್ಪುಗಳ ಡಬ್ಬಿ) ಮತ್ತು ಸ್ಕೋಪು (ಬಣ್ಣ, ಬೆಳಕು ಅಳೆಯುವ ನಕ್ಷೆ) ಚಿಕ್ಕದರಲ್ಲಿ. ಫೋರ್‌ಕೆ ಮಾನಿಟರೇ ಬೇಕೆಂದರೆ ಕೇಬಲ್ಲನ್ನೂ ಪೋರ್ಟನ್ನೂ ವಿಚಾರಿಸಿ. ಎಚ್‌ಡಿಎಂಐ 1.4 ಆಗಿದ್ದರೆ ಸೆಕೆಂಡಿಗೆ 30 ಸಲ ಮಾತ್ರ ಚಿತ್ರ ಬದಲಾಗುತ್ತದೆ, ಮೌಸು ಊಟ ಮುಗಿಸಿ ತೂಕಡಿಸುತ್ತ ಬರುತ್ತದೆ, ಬೈಗುಳ ತಿನ್ನುವುದು ಮಾತ್ರ ಗ್ರಾಫಿಕ್ಸ್ ಕಾರ್ಡು. 60 ಬೇಕಾದರೆ ಎರಡೂ ಕಡೆ ಕನಿಷ್ಠ 2.0 ಇರಬೇಕು.

ಊರೂರು ಸುತ್ತಿ ಛತ್ರದಲ್ಲೇ ಎಡಿಟ್ ಮಾಡಿ ಕೊಡುವವರು 16 ಇಂಚಿನ 16:10 ಕೊಳ್ಳಲಿ. ಆದರೆ ತೂಕ ಕೇಳುವಾಗ ಚಾರ್ಜರನ್ನೂ ತಕ್ಕಡಿಗೆ ಹಾಕಿಸಿ. ಗೇಮಿಂಗ್ ಜಾತಿಯ ಯಂತ್ರವಾದರೆ ಅದನ್ನು ಬಿಟ್ಟು ಹೋಗುವಂತಿಲ್ಲ, ಬ್ಯಾಟರಿಯಲ್ಲಿ ಅದರ ಗ್ರಾಫಿಕ್ಸ್ ಅರೆನಿದ್ದೆ. ಅಂಗಡಿಯವರು ಪುಕ್ಕಟೆ ಕೊಡುವ ಬ್ಯಾಗು ಸಾಮಾನ್ಯವಾಗಿ 15.6ರ ಅಳತೆಯದು. ಬಿಲ್ ಹಾಕಿಸುವ ಮೊದಲೇ ಲ್ಯಾಪ್‌ಟಾಪನ್ನು ಅದರೊಳಗೆ ಇಳಿಸಿ ಜಿಪ್ಪು ಎಳೆದು ನೋಡಿ.