ನಮ್ಮೂರ ಹುಡುಗಿ ಅನ್ನೋದು ನಮಗೆ ಬೇಕಾದಾಗ ಮಾತ್ರನಾ?

ಕೊಡವರ ಕಕ್ಕಡ ತಿಂಗಳು, ಅಂದ್ರೆ ಜುಲೈ-ಆಗಸ್ಟ್ ಮಳೆಗಾಲ, ಮದುವೆ ಗಿದುವೆ ಏನೂ ಇಲ್ಲ, ಹೊಲಿಗೆ ಕಮ್ಮಿ. ವಿರಾಜಪೇಟೆಲಿ ಮಳೆ ಬಿಡ್ತಾ ಇಲ್ಲ, ಕರೆಂಟ್ ಅರ್ಧ ಗಂಟೆ ಇದ್ರೆ ಎರಡು ಗಂಟೆ ಇರಲ್ಲ, ಮೋಟರ್ ಮೆಷಿನ್‌ಗೆ ಬಟ್ಟೆ ಮುಚ್ಚಿಟ್ಟು ಹಳೇ ಕಾಲಿನ ಮೆಷಿನ್ನಲ್ಲೇ ಕೂತಿದೀನಿ. ಕೆಲಸ ಇಲ್ಲದಿದ್ರೆ ಕೈ ಫೋನಿಗೇ ಹೋಗುತ್ತೆ ಅಲ್ವಾ, ಹೋದ್ರೆ ಈ ತಿಂಗಳು ಪೂರ್ತಿ ಒಂದೇ ವಿಷಯ. ರಶ್ಮಿಕಾ ಮಂದಣ್ಣ ಒಂದು ಇಂಟರ್‌ವ್ಯೂನಲ್ಲಿ ಕೊಡವರಲ್ಲಿ ಯಾರೂ ಸಿನಿಮಾಗೆ ಬಂದಿರ್ಲಿಲ್ಲ, ಬಹುಶಃ ನಾನೇ ಮೊದಲು ಅನ್ನೋ ಥರ ಮಾತಾಡಿದ್ದು, ಅದಕ್ಕೆ ಬಿದ್ದಿರೋ ಕಾಮೆಂಟು, ಆ ಕಾಮೆಂಟಿನ ಮೇಲೆ ಟಿವಿಯವರ ಚರ್ಚೆ, ಆ ಚರ್ಚೆ ಮೇಲೆ ಮತ್ತೆ ಕಾಮೆಂಟು. ಬರೀಬಾರದು ಅಂತಾನೇ ಇದ್ದೆ. ಆದ್ರೆ ನಿನ್ನೆ ನಮ್ಮ ಫ್ಯಾಮಿಲಿ ಗ್ರೂಪಿಗೇ ಒಂದು ಬಂತು, ಅದನ್ನ ನೋಡಿದ ಮೇಲೆ ಸುಮ್ನೆ ಇರೋಕೆ ಆಗ್ಲಿಲ್ಲ.

ಮೊದಲು ತಪ್ಪನ್ನ ತಪ್ಪು ಅಂತ ಹೇಳಿಬಿಡ್ತೀನಿ. ಅವಳು ಹೇಳಿದ್ದು ಸರಿ ಇಲ್ಲ. ನಮ್ಮ ಪ್ರೇಮಾ ಇಲ್ವಾ? 1995ರಲ್ಲಿ ಓಂ ಸಿನಿಮಾ ಬಂದಾಗ ಈ ರಶ್ಮಿಕಾ ಹುಟ್ಟೇ ಇರ್ಲಿಲ್ಲ. ನಾನು ಅಂಗಡಿ ಹಾಕಿ ಇಪ್ಪತ್ತೆಂಟು ವರ್ಷ ಆಯ್ತು, 2000ದಲ್ಲಿ ಯಜಮಾನ ಬಂದಾಗ ಎಷ್ಟು ಜನ ಹೆಣ್ಣುಮಕ್ಕಳು ಬಟ್ಟೆ ತಂದುಕೊಟ್ಟು ಪ್ರೇಮಾ ಹಾಕ್ಕೊಂಡ ಹಾಗೆ ಬ್ಲೌಸ್ ಹೊಲಿದು ಕೊಡಿ ಅಂತ ಕೇಳಿದ್ರು ಅಂತ ನನ್ನ ಟೇಪಿಗೆ ಗೊತ್ತು. ಆಮೇಲೆ ಡೈಸಿ ಬೋಪಣ್ಣ, ನಿಧಿ ಸುಬ್ಬಯ್ಯ, ಹರ್ಷಿಕಾ ಪೂಣಚ್ಚ, ಇವರೆಲ್ಲಾ ಕಿರಿಕ್ ಪಾರ್ಟಿಗಿಂತ ಮುಂಚೆನೇ ಬಂದವರು. ಕಿರಿಕ್ ಪಾರ್ಟಿ ಬಂದಿದ್ದು 2016ರ ಕೊನೇಲಿ. ಹಿಂದೆ ದಾರಿ ಮಾಡಿಕೊಟ್ಟವರ ಹೆಸರು ಮರೆತ್ರೆ ಅವರಿಗೆ ನೋವಾಗುತ್ತೆ, ಅದನ್ನ ಹೇಳ್ಬೇಕು, ಹೇಳಿದವರದ್ದು ಏನೂ ತಪ್ಪಿಲ್ಲ. ಪ್ರೇಮಾ ಫೋಟೋ ಹಾಕಿ ಇವರು ನಿನಗಿಂತ ಇಪ್ಪತ್ತು ವರ್ಷ ಮುಂಚೆ ಬಂದವರು ಕಣಮ್ಮಾ ಅಂತ ಬರೆದ್ರಲ್ಲ, ಅಂಥದ್ದಕ್ಕೆ ನಾನೂ ಲೈಕ್ ಒತ್ತಿದೀನಿ.

ಆದ್ರೆ ಅಲ್ಲಿಗೆ ನಿಲ್ತಾ? ಅದರ ಕೆಳಗೆ ಬಂದಿರೋದನ್ನ ಇಲ್ಲಿ ಬರೆಯೋಕೆ ನನ್ನ ಕೈ ಏಳಲ್ಲ. ಅವಳ ಬಟ್ಟೆ ಬಗ್ಗೆ, ಯಾರ ಜೊತೆ ಓಡಾಡ್ತಾಳೆ ಅನ್ನೋದ್ರ ಬಗ್ಗೆ, ಹೆತ್ತವರ ಬಗ್ಗೆ. ಪ್ರೇಮಾಗೆ ಅನ್ಯಾಯ ಆಯ್ತು ಅಂತ ಶುರು ಮಾಡಿದವರಿಗೆ ಮೂರನೇ ಸಾಲಲ್ಲಿ ಪ್ರೇಮಾ ನೆನಪೇ ಇಲ್ಲ. ನಮ್ಮ ಗ್ರೂಪಿಗೆ ಬಂದಿದ್ದೂ ಅಂಥದ್ದೇ ಒಂದು ಫೋಟೋ, ಮುಖ ಅವಳದ್ದು, ಮೈ ಇನ್ಯಾರದ್ದೋ. ಕಳಿಸಿದ್ದು ನಮ್ಮ ಹತ್ತಿರದವರೇ, ಮನೇಲಿ ಇಬ್ಬರು ಹೆಣ್ಣುಮಕ್ಕಳನ್ನ ಇಟ್ಕೊಂಡಿರೋರು. ಜೊತೆಗೆ ನಗೋ ಚಿತ್ರ ಮೂರು.

ನಮ್ಮೂರ ಹುಡುಗಿ ಅನ್ನೋ ಮಾತು ಎಷ್ಟು ಸಲ ಮಡಚಿ ಎಷ್ಟು ಸಲ ಬಿಡಿಸಿದ್ರು ನೋಡಿ. ಪುಷ್ಪ ಬಂದು ಊರೆಲ್ಲಾ ಆ ಹಾಡಿಗೆ ಕುಣಿದಾಗ ನಮ್ಮೂರ ಹುಡುಗಿ. 2025ರ ಫೆಬ್ರವರಿಲಿ ಹಿಂದಿ ಸಿನಿಮಾ ಕಾರ್ಯಕ್ರಮದಲ್ಲಿ ನಾನು ಹೈದರಾಬಾದಿನವಳು ಅಂದ ತಕ್ಷಣ ಅವಳು ನಮ್ಮವಳೇ ಅಲ್ಲ. ಮಾರ್ಚಲ್ಲಿ ಮಂಡ್ಯದ ಶಾಸಕರೊಬ್ಬರು ಬೆಂಗಳೂರಿನ ಫಿಲ್ಮ್ ಫೆಸ್ಟಿವಲ್‌ಗೆ ಕರೆದ್ರೂ ಬರ್ಲಿಲ್ಲ, ಇಂಥವರಿಗೆ ಬುದ್ಧಿ ಕಲಿಸ್ಬೇಕು ಅನ್ನೋ ಥರ ಮಾತಾಡಿದ್ರಲ್ಲ, ಆಗ ಕೊಡವ ನ್ಯಾಷನಲ್ ಕೌನ್ಸಿಲ್‌ನವರು ಅವಳಿಗೆ ರಕ್ಷಣೆ ಕೊಡಿ ಅಂತ ಸರ್ಕಾರಕ್ಕೆ ಪತ್ರ ಬರೆದ್ರು, ಮತ್ತೆ ನಮ್ಮ ಹುಡುಗಿ ಆದ್ಲು. ನಾಲ್ಕು ತಿಂಗಳಾಯ್ತು, ಈಗ ಪುನಃ ಅಲ್ಲ.

ನನಗೂ ಅವಳು ಹೈದರಾಬಾದ್ ಅಂದಾಗ ಬೇಜಾರಾಯ್ತು, ಸುಳ್ಳು ಹೇಳಲ್ಲ. ವಿರಾಜಪೇಟೆ ಅಂತ ಒಂದು ಮಾತು ಬಂದಿದ್ರೆ ಎಷ್ಟು ಖುಷಿ ಆಗ್ತಿತ್ತು ಅನ್ಸಿತು. ಆದ್ರೆ ಬೇಜಾರಾಗೋದು ಬೇರೆ, ಬುದ್ಧಿ ಕಲಿಸ್ತೀವಿ ಅನ್ನೋದು ಬೇರೆ. ಮತ್ತೆ ಇನ್ನೊಂದು, ಕೊಡಗಿನಿಂದ ಹೊರಗೆ ಹೋಗಿ ಹೆಸರು ಮಾಡೋದು ಇವತ್ತು ನಿನ್ನೆಯದಾ? ಮಿಲಿಟರಿಗೆ ಹೋದವರು, ಹಾಕಿಗೆ ಹೋದವರು, ಮನೆಗೊಬ್ಬರು ಸಿಗ್ತಾರೆ. 2024ರ ಜನವರಿಲಿ ರೋಹನ್ ಬೋಪಣ್ಣ 43ನೇ ವಯಸ್ಸಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ನಮ್ಮ ಬೀದಿಲಿ ಸ್ವೀಟ್ ಹಂಚಿದ್ರು. ಅವರು ಈಗ ಎಲ್ಲಿ ಮನೆ ಮಾಡಿದಾರೆ, ಗೆದ್ದ ಮೇಲೆ ಯಾವ ಭಾಷೇಲಿ ಮಾತಾಡಿದ್ರು, ಕೊಡಗಿನ ಹೆಸರು ಹೇಳಿದ್ರಾ ಇಲ್ವಾ ಅಂತ ನನ್ನ ಅಂಗಡಿಗೆ ಬಂದ ಒಬ್ಬರೂ ಕೇಳ್ಲಿಲ್ಲ. ಕೇಳೋ ಅವಶ್ಯಕತೆನೂ ಇಲ್ಲ. ಹಾಗಾದ್ರೆ ಈ ಲೆಕ್ಕ ಎಲ್ಲಾ ಹೆಣ್ಣುಮಗಳ ಹತ್ರ ಮಾತ್ರ ಯಾಕೆ ಕೇಳೋದು?

ಈಗ 2023ಕ್ಕೆ ಬರ್ತೀನಿ, ನಿಜವಾಗ್ಲೂ ನಾನು ಬರೀಬೇಕು ಅಂದ್ಕೊಂಡಿದ್ದು ಇದನ್ನೇ.

ಆ ನವೆಂಬರಲ್ಲಿ ಒಂದು ವಿಡಿಯೋ ಓಡಾಡ್ತು, ಮೈಗೆ ಅಂಟಿದ ಕಪ್ಪು ಬಟ್ಟೆ ಹಾಕ್ಕೊಂಡು ಲಿಫ್ಟ್ ಒಳಗೆ ಬರೋ ಹುಡುಗಿ. ನಾನೂ ನೋಡ್ದೆ, ನಿಜ ಅಂದ್ಕೊಂಡೆ, ಏನಪ್ಪಾ ಇವಳು ಅಂತ ಮನಸ್ಸಲ್ಲಿ ಅಂದ್ಕೊಂಡೂ ಆಯ್ತು. ಎರಡು ದಿನ ಆದ್ಮೇಲೆ ಗೊತ್ತಾಯ್ತು ಅದು ಡೀಪ್‌ಫೇಕ್, ಬ್ರಿಟನ್ ಕಡೆಯ ಬೇರೆ ಹುಡುಗಿ ವಿಡಿಯೋಗೆ ಇವಳ ಮುಖ ಕೂರಿಸಿರೋದು ಅಂತ. ಪುನಃ ತೆಗೆದು ನೋಡಿದ್ರೆ, ಹೌದು, ಶುರುವಲ್ಲಿ ಒಂದು ಕ್ಷಣ ಬೇರೆ ಮುಖ, ಲಿಫ್ಟ್ ಒಳಗೆ ಕಾಲಿಟ್ಟ ಮೇಲೆ ರಶ್ಮಿಕಾ ಮುಖ. ಅಳತೆ ನೋಡಿ ನೋಡಿ ಪಳಗಿದ ಕಣ್ಣು ನನ್ನದು, ನಾನೇ ಮೋಸ ಹೋದೆ. 2024ರ ಜನವರಿಲಿ ದೆಹಲಿ ಪೊಲೀಸರು ಆಂಧ್ರದ ಒಬ್ಬ ಹುಡುಗನನ್ನ ಹಿಡಿದ್ರು. ಅವನು ಶತ್ರು ಏನಲ್ಲ, ಅವಳ ಫ್ಯಾನ್ ಪೇಜ್ ನಡೆಸ್ತಾ ಇದ್ದವನು! ಪೊಲೀಸರು ಹೇಳಿದ್ದು, ಫಾಲೋವರ್ಸ್ ಜಾಸ್ತಿ ಆಗ್ಲಿ ಅಂತ ಮಾಡಿದ್ದ, 90 ಸಾವಿರ ಇದ್ದಿದ್ದು ಎರಡು ವಾರದಲ್ಲಿ ಲಕ್ಷ ದಾಟಿತ್ತು ಅಂತ. ಆ ದಾಟಿದ ಸಾವಿರಾರು ಜನ ಯಾರು ಅಂತ ಯೋಚನೆ ಮಾಡಿ. ನಮ್ಮ ನಿಮ್ಮ ಥರದವರೇ ತಾನೇ.

ಅದೇ ನವೆಂಬರಲ್ಲಿ, ನಮ್ಮ ಸುಗ್ಗಿ ಹಬ್ಬ ಹುತ್ತರಿ ಹತ್ರ ಇತ್ತು, ಅಂಗಡಿ ತುಂಬಾ ಬ್ಲೌಸು. ಕೊಡವ ಸೀರೆಗೆ ಹಾಕೋ ತುಂಬು ತೋಳಿನ ಜಾಕೆಟ್ ಹೊಲಿಯೋದು ಸ್ವಲ್ಪ ನಾಜೂಕಿನ ಕೆಲಸ, ಭುಜದ ಹತ್ರ ಸೆರಗು ಪಿನ್ ಮಾಡೋ ಕಡೆ ಎಳೆತ ಬೀಳುತ್ತೆ, ಅಲ್ಲಿ ಒಳಗಿಂದ ಪಟ್ಟಿ ಕೊಟ್ಟು ಗಟ್ಟಿ ಮಾಡ್ಬೇಕು. ಚೆನ್ನಾಗಿ ಬಂದ್ರೆ ಹಾಕ್ಕೊಂಡವರದ್ದು ಒಂದು ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕ್ತಿದ್ದೆ, ಅದೇ ನನ್ನ ಅಡ್ವರ್ಟೈಸ್‌ಮೆಂಟು. ಒಂದು ಮಧ್ಯಾಹ್ನ ಡಿಗ್ರಿ ಓದೋ ಹುಡುಗಿ ಬಂದ್ಲು, ತಿಂಗಳ ಹಿಂದೆ ಅವಳ ಫೋಟೋನೂ ಹಾಕಿದ್ದೆ, ಕೆಂಪು ರೇಷ್ಮೆ ಸೀರೆ, ಲಕ್ಷಣವಾಗಿ ಕಾಣ್ತಿದ್ಲು. ಬಟ್ಟೆ ತಂದಿರ್ಲಿಲ್ಲ. ಬೇರೆ ಗಿರಾಕಿ ಹೋಗೋವರೆಗೂ ಬಾಗಿಲ ಹತ್ರನೇ ನಿಂತು ಆಮೇಲೆ ಮೆಲ್ಲಗೆ, "ಆಂಟಿ, ನನ್ನ ಫೋಟೋ ನಿಮ್ಮ ಫೋನಲ್ಲಿ ಇದ್ರೆ ತೆಗೆದುಬಿಡಿ" ಅಂದ್ಲು. ಯಾಕಮ್ಮಾ ಅಂದೆ. "ಅವಳಿಗೇ ಹಂಗೆ ಮಾಡ್ತಾರೆ, ಅವಳಿಗಾದ್ರೆ ಅಮಿತಾಬ್ ಬಚ್ಚನ್ ಕೇಸ್ ಹಾಕಿ ಅಂತ ಹೇಳ್ತಾರೆ, ನನಗಾದ್ರೆ ಯಾರು ಆಂಟಿ?" ಅಂದ್ಲು.

ನನಗೆ ಉತ್ತರ ಬರ್ಲಿಲ್ಲ. ಅವಳ ಮುಂದೆನೇ ಗ್ಯಾಲರಿ ತೆಗೆದು ಅಳಿಸ್ದೆ, ಅವಳು ಡಿಲೀಟ್ ಆದ ಮೇಲೂ ಇನ್ನೊಂದು ಕಡೆ ಉಳಿಯುತ್ತೆ ಆಂಟಿ ಅಂತ ತೋರಿಸಿ ಅಲ್ಲಿಂದಾನೂ ತೆಗೆಸಿದ್ಲು. ಅವಳು ಹೋದ ಮೇಲೆ ರಾತ್ರಿ ಕೂತು ಉಳಿದವರ ಫೋಟೋ ಎಲ್ಲಾ ಒಂದೊಂದಾಗಿ ಕತ್ತರಿಸ್ದೆ, ಕತ್ತಿನಿಂದ ಮೇಲೆ ಇರದ ಹಾಗೆ. ನೂರಕ್ಕಿಂತ ಜಾಸ್ತಿ ಇತ್ತು. ಎಷ್ಟು ಜನ ನಕ್ಕೊಂಡು ನಿಂತಿದ್ರು ಅಂತ ಆವತ್ತು ಕತ್ತರಿಸುವಾಗಲೇ ನಾನು ಸರಿಯಾಗಿ ನೋಡಿದ್ದು. ಹುತ್ತರಿ ಸಡಗರದಲ್ಲಿ ತೆಗೆಸಿಕೊಂಡ ಮುಖಗಳು.

ಹಾಗಾಗಿ ಯಾರಾದ್ರೂ ಸಿನಿಮಾದವರು ಅಂದ್ಮೇಲೆ ಇದೆಲ್ಲಾ ಸಹಿಸ್ಕೋಬೇಕು, ದುಡ್ಡು ತಗೊಳಲ್ವಾ ಅಂದ್ರೆ ನನಗೆ ಸಿಟ್ಟು ಬರುತ್ತೆ. ದುಡ್ಡು ನಟನೆಗೆ ತಗೊಳ್ಳೋದು. ಸಿನಿಮಾ ಚೆನ್ನಾಗಿಲ್ಲ ಅನ್ನಿ, ನಟನೆ ಬರಲ್ಲ ಅನ್ನಿ, ಹೇಳಿದ ಮಾತು ತಪ್ಪು ಅನ್ನಿ, ಟಿಕೆಟ್ ತಗೊಂಡೋರಿಗೆ ಆ ಹಕ್ಕಿದೆ. ಅನಿಮಲ್ ಸಿನಿಮಾ ನನಗೆ ಅರ್ಧಕ್ಕಿಂತ ಜಾಸ್ತಿ ನೋಡೋಕಾಗ್ಲಿಲ್ಲ, ಅದನ್ನ ಯಾರ ಮುಂದೆ ಬೇಕಾದ್ರೂ ಹೇಳ್ತೀನಿ. ಮುಖ ಕಿತ್ತು ಇನ್ನೊಂದು ಮೈಗೆ ಅಂಟಿಸೋ ಹಕ್ಕು ಯಾವ ಟಿಕೆಟಲ್ಲೂ ಬರಲ್ಲ. ಊರಿಗೆ ಬರೋ ಟೂರಿಸ್ಟರೂ ಅಷ್ಟೇ, ಗಡಿಯಾರ ಕಂಬದ ಹತ್ರ ಕಾರ್ ನಿಲ್ಸಿ ಅವಳ ಮನೆ ಎಲ್ಲಿ ಅಂತ ಕೇಳ್ತಾರೆ, ಗೇಟ್ ಮುಂದೆ ರೀಲ್ಸ್ ಮಾಡ್ಬೇಕಂತೆ. ನಾನಂತೂ ಗೊತ್ತಿಲ್ಲ ಅಂತೀನಿ. ನೀವೂ ಹಾಗೇ ಹೇಳಿ ದಯವಿಟ್ಟು, ಆ ಮನೇಲಿ ವಯಸ್ಸಾದವರು, ಮಕ್ಕಳು ಇರ್ತಾರೆ.

ಟಿವಿಯವರ ಬಗ್ಗೆ ಜಾಸ್ತಿ ಬರೆಯಲ್ಲ. ಇಡೀ ಮಳೆಗಾಲ ನಮ್ಮ ಕಡೆ ಮರ ಬಿದ್ದು ದಿನಗಟ್ಲೆ ಕರೆಂಟ್ ಇಲ್ಲದ ಆದಿವಾಸಿ ಹಾಡಿಗಳಿವೆ, ರಸ್ತೆ ಕುಸಿದಿರೋ ಕಡೆ ಇದೆ, ಅದಕ್ಕೆ ಅರ್ಧ ನಿಮಿಷ, ಒಂದು ಹುಡುಗಿ ಬಾಯಿ ತಪ್ಪಿದ್ದಕ್ಕೆ ಮೂರು ದಿನ.

ಫ್ಯಾಮಿಲಿ ಗ್ರೂಪಲ್ಲಿ ನಿನ್ನೆ ನಾನು ಬರೆದೆ, ಇದನ್ನ ಅಳಿಸಿ, ನಿಮ್ಮ ದೊಡ್ಡ ಮಗಳಿಗೆ ಮೊನ್ನೆ ನಾನೇ ಚೂಡಿದಾರ್ ಹೊಲಿದು ಕೊಟ್ಟಿದೀನಿ, ಅವಳೂ ಇದೇ ಗ್ರೂಪಲ್ಲಿ ಇದಾಳೆ ಅಂತ. ಅವರು ಅಳಿಸಿದ್ರು. ನನ್ನ ಹತ್ರ ಮಾತು ಬಿಟ್ಟಿದಾರೆ, ಇರ್ಲಿ, ಬಿಟ್ಟಿದ್ದು ಸರಿ ಹೋಗುತ್ತೆ.

ಆವತ್ತು ಫೋಟೋ ಅಳಿಸಿದ ಹುಡುಗಿ ಈಗ ಡಿಗ್ರಿ ಮುಗಿಸಿ ಮೈಸೂರಲ್ಲಿ ಕೆಲಸಕ್ಕಿದಾಳೆ. ನಮ್ಮ ಆಯುಧ ಪೂಜೆ ಹಬ್ಬ ಕೈಲ್‌ಪೊಳ್ದ್‌ಗೆ ಅಂತ ಮೊದಲೇ ಹೊಲಿಸಿಕೊಂಡ ಹಸಿರು ಜಾಕೆಟ್ ಟ್ರಯಲ್ ನೋಡೋಕೆ ಭಾನುವಾರ ಬಂದಿದ್ಲು, ಸೀರೆನೂ ತಂದು ಉಟ್ಟೇ ನೋಡಿದ್ಲು, ಒಂದು ಕಡೆನೂ ಸುಕ್ಕು ಬಿದ್ದಿರ್ಲಿಲ್ಲ. ನನಗೇ ತಡ್ಕೊಳ್ಳೋಕಾಗ್ದೆ ಒಂದು ಫೋಟೋ ತೆಗೀಲಾ ಅಂತ ಕೇಳ್ದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ ಕನ್ನಡಿ ಕಡೆ ಮುಖ ಮಾಡಿ ತಿರುಗಿ ನಿಂತ್ಲು.

"ಹಿಂದಿಂದ ತೆಗೀರಿ ಆಂಟಿ, ನಮ್ಮ ಸೀರೆ ನೆರಿಗೆ ಹಿಂದೆನೇ ತಾನೇ ಇರೋದು."