2020ರ ಲೆಕ್ಕ ಸಿಕ್ಕಿದ್ದು 2024ರ ಕೊನೆಗೆ

ಬ್ರಿಟನ್ನಿಗೆ ಬಂದ ಮೇಲೆ ನನಗೊಂದು ಅಭ್ಯಾಸ ಹತ್ತಿದೆ. ಹಿಂದಿನ ವರ್ಷ ದೇಶ ಎಷ್ಟು ಹಸಿರುಮನೆ ಅನಿಲ ಬಿಟ್ಟಿತು ಎಂಬ ತಾತ್ಕಾಲಿಕ ಲೆಕ್ಕವನ್ನು ಇಲ್ಲಿನ ಸರ್ಕಾರ ಮಾರ್ಚ್ ಕೊನೆಯ ಹೊತ್ತಿಗೆ ಪ್ರಕಟಿಸುತ್ತದೆ. ಅದನ್ನು ಕೂತು ಓದುತ್ತೇನೆ. ಲಾಕ್‌ಡೌನ್ ಆದ 2020ರ ಲೆಕ್ಕ 2021ರ ಮಾರ್ಚಿನಲ್ಲೇ ಬಂದಿತ್ತು. ಭಾರತದ 2020ರ ಲೆಕ್ಕ ವಿಶ್ವಸಂಸ್ಥೆಗೆ ತಲುಪಿದ್ದು 2024ರ ಡಿಸೆಂಬರ್ 30ಕ್ಕೆ. ಕಾಡು, ನೆಲದ ಬಾಬತ್ತು ಬಿಟ್ಟು 295.9 ಕೋಟಿ ಟನ್. ನೆಲ, ಕಾಡು ಹೀರಿಕೊಂಡದ್ದನ್ನು ಕಳೆದರೆ 243.7 ಕೋಟಿ ಟನ್, 2019ಕ್ಕಿಂತ ಸುಮಾರು ಶೇ 8 ಕಡಿಮೆ. ಆದರೆ ಲಾಕ್‌ಡೌನ್ ತೆರೆದ ಮೇಲೆ ಎಷ್ಟು ಏರಿತು? ಅಷ್ಟು ತಡವಾಗಿ ಬಂದ ವರದಿಯಲ್ಲೂ ಅದಕ್ಕೆ ಉತ್ತರವಿಲ್ಲ. ಇದು ನನ್ನನ್ನು ನಿಜಕ್ಕೂ ಕಾಡುತ್ತದೆ.

ಭಾರತ ನಿಯಮ ಮುರಿದಿದೆ ಎಂದು ನಾನು ಹೇಳುತ್ತಿಲ್ಲ. 1992ರ ಹವಾಮಾನ ಒಪ್ಪಂದದ ಪ್ರಕಾರ ಶ್ರೀಮಂತ ದೇಶಗಳು ಪ್ರತಿ ವರ್ಷ ಲೆಕ್ಕ ಒಪ್ಪಿಸಬೇಕು. ಬೆಳೆಯುತ್ತಿರುವ ದೇಶಗಳಿಗೆ ಆ ಕಟ್ಟುನಿಟ್ಟು ಇರಲಿಲ್ಲ. ಅದು ನ್ಯಾಯವೂ ಹೌದು. ಇನ್ನೂರು ವರ್ಷದಿಂದ ಕಲ್ಲಿದ್ದಲು ಸುಟ್ಟವರಿಗೂ ತಲೆಗೆ ಸುಮಾರು ಎರಡು ಟನ್ ಬಿಡುವ ನಮಗೂ ಒಂದೇ ಹೊರೆ ಹೊರಿಸುವುದು ಸರಿಯಲ್ಲ ಅಲ್ವಾ? ನನ್ನ ಮಾತು ಬೇರೆ. ಬೇಗ ಲೆಕ್ಕ ಇಡುವುದು ಯಾರಿಗೋ ಒಪ್ಪಿಸುವುದಕ್ಕಲ್ಲ, ನಮಗೇ ಬೇಕಾದದ್ದು.

ಈ ಲೆಕ್ಕ ಹೇಗೆ ಹಾಕುತ್ತಾರೆ ಎಂದು ಸ್ವಲ್ಪ ಹೇಳಬೇಕು. ಎಲ್ಲ ಕಡೆ ಮೀಟರ್ ಇಟ್ಟು ಅಳೆಯುವುದಿಲ್ಲ. ಎಷ್ಟು ಕಲ್ಲಿದ್ದಲು ಸುಟ್ಟರು, ಅದರಲ್ಲಿ ಎಷ್ಟು ಇಂಗಾಲವಿತ್ತು ಎಂದು ಗುಣಿಸುತ್ತಾರೆ. ಎಷ್ಟು ಹಸುಗಳಿವೆ, ಒಂದೊಂದು ವರ್ಷಕ್ಕೆ ಎಷ್ಟು ಮೀಥೇನ್ ಬಿಡುತ್ತದೆ ಎಂದು ಗುಣಿಸುತ್ತಾರೆ. ಸ್ವಂತ ಅಂಕಿ ಇಲ್ಲದ ದೇಶಕ್ಕೆ ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಮಂಡಳಿಯಾದ ಐಪಿಸಿಸಿ ಒಂದು ಸಿದ್ಧ ಅಂಕಿ ಕೊಡುತ್ತದೆ. ಅಳತೆ ಮಾಡಿದ ದೇಶ ತನ್ನದನ್ನೇ ಬಳಸಬಹುದು. ನಮ್ಮ ವಿಜ್ಞಾನಿಗಳು ನಾಟಿ ಹಸುವಿಗೆ ವರ್ಷಕ್ಕೆ 28 ಕೆಜಿ, ಮಿಶ್ರತಳಿಗೆ 43 ಕೆಜಿ ಎಂದು ಬೇರೆ ಬೇರೆ ಲೆಕ್ಕ ಹಿಡಿದಿದ್ದಾರೆ. ಕೋಟಿಗಟ್ಟಲೆ ದನಗಳಿರುವ ದೇಶದಲ್ಲಿ ಈ ಕೆಲವು ಕೆಜಿ ವ್ಯತ್ಯಾಸ ಸಣ್ಣದಲ್ಲ.

ಇಲ್ಲೇ ನನಗೆ ವಿಜ್ಞಾನಿ ಎ. ಪಿ. ಮಿತ್ರಾ ನೆನಪಾಗುತ್ತಾರೆ. 1990ರ ಸುಮಾರಿಗೆ ಅಮೆರಿಕದ ಪರಿಸರ ಸಂಸ್ಥೆಯ ಅಂದಾಜೊಂದು ಬಂತು. ಭಾರತದ ಭತ್ತದ ಗದ್ದೆಗಳಿಂದ ವರ್ಷಕ್ಕೆ 3.78 ಕೋಟಿ ಟನ್ ಮೀಥೇನ್ ಏಳುತ್ತದೆ ಎಂದು ಅದು ಹೇಳಿತು. ಬೇರೆ ದೇಶಗಳ ಗದ್ದೆಯ ಅಳತೆಯನ್ನು ನಮ್ಮ ಗದ್ದೆಗೂ ಹಚ್ಚಿದ್ದರು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಮಿತ್ರಾ ಬರೀ ವಾದಕ್ಕೆ ನಿಲ್ಲಲಿಲ್ಲ. 1991ರಲ್ಲಿ ದೇಶದ ಹಲವು ಸಂಸ್ಥೆಗಳನ್ನು ಒಟ್ಟು ಸೇರಿಸಿ, ಗದ್ದೆಗಿಳಿದು ಅಳೆಸಿದರು. ನೀರು ಸದಾ ನಿಲ್ಲುವ ಗದ್ದೆ ಬೇರೆ, ಆಗಾಗ ಒಣಗುವ ಗದ್ದೆ ಬೇರೆ. ಲೆಕ್ಕ ಕೂಡಿದಾಗ ಬಂದದ್ದು ಸುಮಾರು 40 ಲಕ್ಷ ಟನ್, ಹೊರಗಿನವರು ಹೇಳಿದ್ದರ ಒಂಬತ್ತರಲ್ಲಿ ಒಂದು ಪಾಲು! ಆ ಅಳತೆ ಇಲ್ಲದೆ ಹೋಗಿದ್ದರೆ ನಮ್ಮ ಬಡ ರೈತನ ತಲೆಗೆ ಎಂಥ ಹೊರೆ ಬೀಳುತ್ತಿತ್ತು ಯೋಚಿಸಿ. ಮೂವತ್ತು ವರ್ಷದ ಹಿಂದೆಯೇ ಇದನ್ನು ಮಾಡಿ ತೋರಿಸಿದವರು ನಾವು.

ಬ್ರಿಟನ್ನಿನಲ್ಲಿ ನನಗೆ ತುಂಬ ಇಷ್ಟವಾದದ್ದು ತಪ್ಪನ್ನು ತಿದ್ದುವ ರೀತಿ. ಹಾಳಾದ ಪೀಟ್ (ಅರೆಕೊಳೆತ ಸಸ್ಯಗಳಿಂದಾದ ಮಣ್ಣು) ಜೌಗುನೆಲದಿಂದ ಏಳುವ ಅನಿಲವನ್ನು ಕೆಲ ವರ್ಷಗಳ ಹಿಂದೆ ಪೂರ್ತಿಯಾಗಿ ಲೆಕ್ಕಕ್ಕೆ ತಂದರು. ಅನಿಲ ಹೀರುತ್ತದೆ ಎಂದು ಅದುವರೆಗೆ ತೋರಿಸುತ್ತಿದ್ದ ನೆಲದ ಬಾಬತ್ತು ಅನಿಲ ಬಿಡುವ ಕಡೆಗೆ ತಿರುಗಿತು. 1990ರಿಂದ ಎಲ್ಲ ವರ್ಷಗಳ ಅಂಕಿಯನ್ನೂ ಮತ್ತೆ ಬರೆದು ಪ್ರಕಟಿಸಿದರು. ಇನ್ನೊಂದು, ಕಾಗದದ ಲೆಕ್ಕವನ್ನು ಗಾಳಿಯ ಜೊತೆ ತಾಳೆ ನೋಡುತ್ತಾರೆ. ಐರ್ಲೆಂಡಿನ ಮೇಸ್ ಹೆಡ್‌ನಲ್ಲಿ, ಇಲ್ಲಿನ ಎತ್ತರದ ಗೋಪುರಗಳಲ್ಲಿ ಗಾಳಿ ಅಳೆಯುತ್ತಾರೆ. ಗಾಳಿ ಯಾವ ಕಡೆಯಿಂದ ಬೀಸಿತು ಎಂದು ಹವಾಮಾನ ಇಲಾಖೆ ಹಿಂದಕ್ಕೆ ಲೆಕ್ಕ ಹಾಕುತ್ತದೆ. ಕಾರಿನ ಏಸಿಯಲ್ಲಿ ಬಳಸುವ ಎಚ್‌ಎಫ್‌ಸಿ-134ಎ ಅನಿಲ ವರದಿಯಲ್ಲಿ ಜಾಸ್ತಿ, ಗಾಳಿಯಲ್ಲಿ ಕಡಿಮೆ ಎಂದು ಗೊತ್ತಾಗಿದ್ದು ಹೀಗೆ. ಆಮೇಲೆ ವರದಿಯ ಅಂಕಿ ಇಳಿಸಿದರು.

ಉಲ್ಟಾ ಆಗಿದ್ದೂ ಉಂಟು. ಏಸಿ, ಫ್ರಿಜ್‌ಗೆ ಬಳಸುವ ಅನಿಲ ತಯಾರಿಸುವಾಗ ಜೊತೆಗೇ ಹುಟ್ಟುವ ಎಚ್‌ಎಫ್‌ಸಿ-23 ಎಂಬ ಹಸಿರುಮನೆ ಅನಿಲವನ್ನು ಬಹುತೇಕ ತಡೆದಿದ್ದೇವೆ ಎಂದು ಚೀನಾ, ಭಾರತ ಎರಡೂ ಹೇಳಿದ್ದವು. 2020ರಲ್ಲಿ ಬಂದ ಅಧ್ಯಯನ ನೋಡಿದರೆ ಜಗತ್ತಿನ ಗಾಳಿಯಲ್ಲಿ ಅದು ಹಿಂದೆಂದಿಗಿಂತ ಜೋರಾಗಿ ಸೇರುತ್ತಿತ್ತು. ಯಾರ ಪಾಲು ಎಷ್ಟು ಎಂದು ಬಿಡಿಸಿ ಹೇಳಲು ಹತ್ತಿರದಲ್ಲೇ ಅಳೆಯುವ ಕೇಂದ್ರ ಬೇಕು. ನಮ್ಮದು ಸರಿಯಿದ್ದರೆ ಅದನ್ನು ತೋರಿಸಲಿಕ್ಕಾದರೂ ಬೇಕು.

ಬ್ರಿಟನ್ನಿನ ಲೆಕ್ಕ ಪೂರ್ತಿ ಚಿತ್ರ ಕೊಡುತ್ತದೆ ಎಂದು ನಾನು ಒಪ್ಪುವುದಿಲ್ಲ. ಹೊರಗಿನಿಂದ ತರಿಸಿದ ಸಾಮಾನಿನ ಹೊಗೆ ಅದನ್ನು ತಯಾರಿಸಿದ ದೇಶದ ಖಾತೆಗೆ ಹೋಗುತ್ತದೆ. ಯಾರ್ಕ್‌ಶೈರ್‌ನ ಡ್ರಾಕ್ಸ್ ವಿದ್ಯುತ್ ಸ್ಥಾವರ ಕಲ್ಲಿದ್ದಲು ಬಿಟ್ಟು ಮರದ ಉಂಡೆ ಸುಡುತ್ತದೆ, ಅದು ಬರುವುದು ಹೆಚ್ಚಾಗಿ ಅಮೆರಿಕದಿಂದ. ನಿಯಮದ ಪ್ರಕಾರ ಆ ಇಂಗಾಲ ಮರ ಕಡಿದ ದೇಶದ ನೆಲದ ಲೆಕ್ಕದಲ್ಲಿ ಬರಬೇಕು, ಇಲ್ಲಿನ ವಿದ್ಯುತ್ ಲೆಕ್ಕದಲ್ಲಿ ಸೊನ್ನೆ. ಇದು ಸರಿಯಲ್ಲ ಎಂದು ಇಲ್ಲಿನವರೇ ವಾದ ಮಾಡುತ್ತಾರೆ. ವಾದ ಮಾಡಲು ಅವರ ಕೈಯಲ್ಲಿ ಅಂಕಿ ಇದೆ. ಒಂದೊಂದು ಕೌನ್ಸಿಲ್‌ಗೂ, ಅಂದರೆ ಸ್ಥಳೀಯ ಆಡಳಿತಕ್ಕೂ, ಬೇರೆ ಬೇರೆ ಲೆಕ್ಕ ಸಿಗುತ್ತದೆ. ಭಾರತದ ವರದಿಯಲ್ಲಿ ಜಿಲ್ಲೆಯ ಅಂಕಿ ಹುಡುಕಿದರೆ ಸಿಗುವುದಿಲ್ಲ.

ಭಾರತಕ್ಕೆ ಇದು ಆಗದ ಕೆಲಸ ಎಂದು ಯಾರೂ ಹೇಳಬೇಡಿ. ಕೇಂದ್ರ ವಿದ್ಯುತ್ ಪ್ರಾಧಿಕಾರ ಒಂದೊಂದು ಉಷ್ಣ ಸ್ಥಾವರದ ಇಂಗಾಲದ ಲೆಕ್ಕವನ್ನು ವರ್ಷ ವರ್ಷ ಪ್ರಕಟಿಸುತ್ತಲೇ ಇದೆ. ನಮ್ಮ ಹೊರಸೂಸುವಿಕೆಯಲ್ಲಿ ಮುಕ್ಕಾಲು ಪಾಲು ಇಂಧನದ್ದೇ. ಕಲ್ಲಿದ್ದಲು, ಡೀಸೆಲ್, ಸಿಮೆಂಟ್, ಉಕ್ಕು ಇಷ್ಟರ ಲೆಕ್ಕ ಮೊದಲು ಬರಲಿ, ಪ್ರತಿ ವರ್ಷ ಬರಲಿ. ದನ, ಗದ್ದೆ, ಕಾಡಿನ ಅಂಕಿ ತಡವಾಗುತ್ತದೆ ಅಂದರೆ ತಾತ್ಕಾಲಿಕ ಎಂದು ಬರೆದು ಕೊಡಲಿ. ಮುಂದಿನ ವರ್ಷ ತಿದ್ದಬಹುದು. ಬ್ರಿಟನ್ನಿನಲ್ಲೂ ಮಾಡುವುದು ಅದನ್ನೇ.