ಮೊದಲ ಆರ್ಡರ್ ಕೊಡೋರು ಯಾರು?

ನಾನು ದಾವಣಗೆರೆಯವನು. ಹನ್ನೊಂದು ವರ್ಷದಿಂದ ತಮಿಳುನಾಡಿನ ತಿರುಪ್ಪೂರಿನಲ್ಲಿದ್ದೇನೆ. ಎರಡೂ ಹತ್ತಿ ನಂಬಿ ಬೆಳೆದ ಊರುಗಳು. ಒಂದು ಕಾಲಕ್ಕೆ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಆಮೇಲೆ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಮಿಲ್ಲಿನ ಕೆಲಸ ಹೋದವರು ನಮ್ಮ ಬೀದಿಯಲ್ಲಿ ಬಹಳ ಮಂದಿ ಇದ್ದರು. ಅವರಲ್ಲಿ ಸ್ವಂತಕ್ಕೆ ಮಷಿನ್ ಹಾಕಿಕೊಂಡವರು ಒಬ್ಬರೂ ನನಗೆ ನೆನಪಿಲ್ಲ. ಇಲ್ಲಿ ನಾನಿರುವ ಬೀದಿಯಲ್ಲಿ ನಿನ್ನೆ ಟೈಲರ್ ಆಗಿದ್ದವರು ಇವತ್ತು ನಾಲ್ಕು ಜನಕ್ಕೆ ಸಂಬಳ ಕೊಡುತ್ತಿದ್ದಾರೆ.

ತಿರುಪ್ಪೂರಿನ ಒಂದು ಬನಿಯನ್ ಹತ್ತಾರು ಕೈ ದಾಟಿ ಬರುತ್ತದೆ. ಬಟ್ಟೆ ಹೆಣೆಯುವವರು ಬೇರೆ, ಬಣ್ಣ ಹಾಕುವವರು ಬೇರೆ. ಪ್ರಿಂಟಿಂಗ್, ಕಟಿಂಗ್, ಹೊಲಿಗೆ, ಕಾಜಾ-ಗುಂಡಿ, ಚೆಕಿಂಗ್, ಇಸ್ತ್ರಿ ಎಲ್ಲವನ್ನೂ ಜಾಬ್ ವರ್ಕ್ ಅಂತ ಹೊರಗೆ ಕೊಡುತ್ತಾರೆ. ಹಾಗಾಗಿ ಹೊಸಬ ಇಡೀ ಕಾರ್ಖಾನೆ ಕಟ್ಟಬೇಕಿಲ್ಲ. ಕಾಜಾ ಮಷಿನ್ ಒಂದಿದ್ದರೂ ಶುರು ಮಾಡಬಹುದು.

ನಮ್ಮ ಎದುರುಮನೆಯ ಅಕ್ಕ ಹದಿನಾಲ್ಕು ವರ್ಷ ಕಂಪನಿಯಲ್ಲಿ ಹೊಲಿದವರು. ನಲವತ್ತೆರಡನೇ ವಯಸ್ಸಿನಲ್ಲಿ ಮನೆಯ ಮುಂದಿನ ಶೆಡ್ಡಿನಲ್ಲಿ ಸ್ವಂತ ಕೆಲಸ ಶುರು ಮಾಡಿದರು. ಬಟ್ಟೆಯ ಅಂಚು ಹೊಲಿಯುವ ಎರಡು ಹಳೇ ಓವರ್‌ಲಾಕ್ ಮಷಿನ್ ಕೊಟ್ಟಿದ್ದು ಅದೇ ಕಂಪನಿಯ ಮೊದಲಾಳಿ, ಅಂದರೆ ಮಾಲೀಕರು. ಮೊದಲ ಸಾವಿರ ಪೀಸ್ ಆರ್ಡರ್ ಕೊಟ್ಟಿದ್ದೂ ಅವರೇ. ಮಷಿನ್ ದುಡ್ಡನ್ನು ಪ್ರತಿ ಶನಿವಾರದ ಬಿಲ್ಲಿನಲ್ಲಿ ಸ್ವಲ್ಪ ಸ್ವಲ್ಪ ಮುರಿದುಕೊಂಡರು. ಆ ಮೊದಲ ಲಾಟಿನಲ್ಲಿ ಇನ್ನೂರು ಪೀಸ್ ವಾಪಸ್ ಬಂತು. ಕುತ್ತಿಗೆ ಪಟ್ಟಿಯ ಹೊಲಿಗೆ ಸಡಿಲ. ಮೊದಲಾಳಿ ಶೆಡ್ಡಿಗೆ ಬಂದು ನೆಲದ ಮೇಲೇ ಕೂತರು. ಒಂದು ಬನಿಯನ್ ಒಳಮೈ ತಿರುವಿ, ಎಲ್ಲೆಲ್ಲಿ ದಾರ ಸಡಿಲ ಬಿದ್ದಿದೆ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಬೈಯಲಿಲ್ಲ. ಮಾರನೇ ದಿನ ಬೆಳಗ್ಗೆ ಇನ್ನೂ ಐನೂರು ಪೀಸ್ ಕಳಿಸಿದರು. ಆ ಐನೂರು ಪೀಸ್ ಬರದಿದ್ದರೆ ಅಕ್ಕ ಮತ್ತೆ ಕಂಪನಿಗೇ ಹೋಗಿಬಿಡುತ್ತಿದ್ದರು.

ನಮ್ಮಲ್ಲಿ ಇಂಥದ್ದು ಏನೂ ಇಲ್ಲ ಅಂತ ಹೇಳಿದರೆ ತಪ್ಪಾಗುತ್ತದೆ. ಬಳ್ಳಾರಿಯ ಜೀನ್ಸ್ ಕೆಲಸವೂ ಹೀಗೇ ಮನೆಮನೆಗೆ ಹಂಚಿಕೊಂಡು ನಡೆಯುತ್ತದೆ. ದುಡ್ಡು ಮತ್ತು ಕಲಿಕೆಯ ವಿಷಯದಲ್ಲಂತೂ ನಮ್ಮವರು ದೇಶಕ್ಕೇ ದಾರಿ ತೋರಿಸಿದ್ದಾರೆ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲೇ ಪಿಗ್ಮಿ ಶುರು ಮಾಡಿತು. ದಿನಕ್ಕೆ ಎರಡಾಣೆ ಉಳಿಸುವವರ ಮನೆ ಬಾಗಿಲಿಗೂ ಬ್ಯಾಂಕ್ ಹೋಯಿತು. ಉಜಿರೆಯಲ್ಲಿ 1982ರಲ್ಲಿ ರುಡ್‌ಸೆಟ್ ಅನ್ನುವ ತರಬೇತಿ ಸಂಸ್ಥೆ ಶುರುವಾಯಿತು. ಧರ್ಮಸ್ಥಳದವರೂ ಎರಡು ಬ್ಯಾಂಕುಗಳೂ ಕೈಜೋಡಿಸಿ ಹಳ್ಳಿಯ ಹುಡುಗರಿಗೆ ಊಟ, ವಸತಿ, ಕಸುಬು ಎಲ್ಲ ಪುಕ್ಕಟೆ ಕೊಟ್ಟರು. ಇವತ್ತು ದೇಶದ ಜಿಲ್ಲೆ ಜಿಲ್ಲೆಯಲ್ಲಿರುವ ಸ್ವ-ಉದ್ಯೋಗ ತರಬೇತಿ ಕೇಂದ್ರಗಳಿಗೆ ಅದೇ ಮಾದರಿ. ಹೊರಗಿರುವ ನನಗೆ ಇದನ್ನು ಇಲ್ಲಿನವರಿಗೆ ಹೇಳುವಾಗ ಎದೆಯುಬ್ಬುತ್ತದೆ.

ಆದರೆ ತರಬೇತಿ ಮುಗಿದು, ಸಾಲ ಸಿಕ್ಕ ಮೇಲೆ? ನಮ್ಮ ಚಿಕ್ಕಪ್ಪನ ಮಗನದ್ದು ಇದೇ ಕಥೆ. ಹೊಲಿಗೆ ಕಲಿತ, ಬ್ಯಾಂಕ್ ಸಾಲ ತಗೊಂಡ, ಮೂರು ಮಷಿನ್ ಹಾಕಿದ. ಯೂನಿಫಾರ್ಮ್ ಹೊಲಿದು ಕೊಡ್ತೀನಿ ಅಂತ ಹತ್ತಿರದ ಒಂದು ಶಾಲೆಗೆ ಹೋದ. "ಇಲ್ಲಿ ತನಕ ಎಷ್ಟು ಶಾಲೆಗೆ ಕೊಟ್ಟಿದ್ದೀಯಪ್ಪಾ?" ಅಂತ ಕೇಳಿದರು. ಒಂದಕ್ಕೂ ಕೊಟ್ಟಿರಲಿಲ್ಲ. ಆರ್ಡರ್ ಬೇರೆ ಊರಿನ ಡೀಲರ್‌ಗೆ ಹೋಯಿತು. ಆರು ತಿಂಗಳಿಗೆ ಮಷಿನ್ ಮೇಲೆ ಹಳೇ ಸೀರೆ ಹೊದಿಸಿಟ್ಟ. ನೆಂಟರೆಲ್ಲ "ಸುಮ್ನೆ ಎಲ್ಲಾದ್ರೂ ಕೆಲಸಕ್ಕೆ ಸೇರಬಾರದಿತ್ತಾ" ಅಂದರು. ನಾನೂ ಫೋನಿನಲ್ಲಿ ಅದನ್ನೇ ಅಂದೆ. ಅದು ಈಗಲೂ ನನ್ನನ್ನು ಚುಚ್ಚುತ್ತದೆ.

ಆ ಶಾಲೆ ಮುನ್ನೂರು ಜೊತೆಯಲ್ಲಿ ಮೂವತ್ತನ್ನು ಅವನಿಗೆ ಕೊಟ್ಟು ನೋಡಬಹುದಿತ್ತು ಅಲ್ವಾ? ಸನ್ಮಾನ, ಶಾಲು, ಪ್ರೇರಣೆಯ ಭಾಷಣ ನಮ್ಮೂರುಗಳಲ್ಲಿ ಜಾಸ್ತಿಯೇ ನಡೆಯುತ್ತವೆ. ಅದರ ಬದಲು ಜಾತ್ರೆ ಕಮಿಟಿ ಪ್ರಸಾದದ ಚೀಲವನ್ನು ಊರಿನ ಹೆಂಗಸರ ಸಂಘದಿಂದ ಹೊಲಿಸಲಿ. ಮದುವೆ ಮಾಡುವವರು ಹೋಳಿಗೆ, ಚಕ್ಕುಲಿಯನ್ನು ಪಕ್ಕದ ಬೀದಿಯಲ್ಲಿ ಹೊಸದಾಗಿ ಶುರು ಮಾಡಿದವರಿಗೆ ಹೇಳಲಿ. ದುಡ್ಡನ್ನು ವಾರದೊಳಗೆ ಕೊಡಲಿ. ಹೊಸಬರನ್ನು ನಷ್ಟಕ್ಕಿಂತ ಜಾಸ್ತಿ ಮುಳುಗಿಸುವುದು ಕೈಗೆ ಬಾರದೆ ಉಳಿದ ಬಾಕಿ.

ತಿರುಪ್ಪೂರಿನದ್ದು ಎಲ್ಲ ಸರಿ ಅನ್ನಲಾರೆ. ಬಣ್ಣದ ನೀರು ನೊಯ್ಯಲ್ ನದಿಯನ್ನು ಕೆಡಿಸಿತು. 2011ರಲ್ಲಿ ಹೈಕೋರ್ಟ್ ಡೈಯಿಂಗ್ ಘಟಕಗಳನ್ನು ಮುಚ್ಚಿಸಿತು. ಕೊಳೆನೀರನ್ನು ಒಂದು ಹನಿಯೂ ಹೊರಬಿಡಬಾರದು ಅನ್ನುವ ಕಟ್ಟುಪಾಡಿಗೆ ಊರು ಒಗ್ಗಿಕೊಳ್ಳಬೇಕಾಯಿತು. ಇನ್ನೊಂದು ಮಾತು. ಇಲ್ಲಿ ನಂಬಿಕೆ ಹುಟ್ಟುವುದು ಬಹಳ ಮಟ್ಟಿಗೆ ಜಾತಿ, ನೆಂಟಸ್ತಿಕೆಯಲ್ಲೇ. ಒಡಿಶಾ, ಬಿಹಾರದಿಂದ ಬಂದ ಹುಡುಗರು ವರ್ಷಗಟ್ಟಲೆ ಹೊಲಿದರೂ ಹಳೇ ಓವರ್‌ಲಾಕ್ ಅವರಿಗೆ ಸುಲಭಕ್ಕೆ ಸಿಗುವುದಿಲ್ಲ. ನಾವು ಇದನ್ನು ನಕಲು ಮಾಡುವುದು ಬೇಡ.

ಹೋದ ತಿಂಗಳು ನಾವು ಹಳೇ ವಿದ್ಯಾರ್ಥಿಗಳು ಸೇರಿ ನಮ್ಮ ಪ್ರಾಥಮಿಕ ಶಾಲೆಗೆ ಏನಾದರೂ ಕೊಡಬೇಕು ಅಂತ ಮಾತಾಡಿಕೊಂಡೆವು. ಮಕ್ಕಳಿಗೆ ಆಟದ ಸಮವಸ್ತ್ರ ಅಂತ ತೀರ್ಮಾನವಾಯಿತು. ತಿರುಪ್ಪೂರಿನಿಂದ ಕಡಿಮೆ ರೇಟಿಗೆ ತರಿಸು ಅಂತ ಎಲ್ಲರೂ ನನಗೇ ಹೇಳಿದರು. ಬಟ್ಟೆ ಮಾತ್ರ ಇಲ್ಲಿಂದ ಕಳಿಸುತ್ತೇನೆ, ಹೊಲಿಗೆ ನಮ್ಮ ಹುಡುಗನದ್ದು ಅಂದೆ. ಅವನು ಮಷಿನ್ನಿಗೆ ಎಣ್ಣೆ ಬಿಟ್ಟಿದ್ದಾನೆ. ಅರವತ್ತು ಮಕ್ಕಳ ಅಳತೆ ತಗೊಳ್ಳೋಕೆ ಸೋಮವಾರ ಶಾಲೆಗೆ ಹೋಗುತ್ತಾನೆ.